ಚೀಲ ಬಿಡದ ಮಲ್‌ಸುಕ್
ಬುಸಾನಿನ ಸುರಂಗ ರೈಲು ನಿಲ್ದಾಣವೊಂದರಲ್ಲಿ, ಎಸ್ಕಲೇಟರಿನ ಬುಡದಲ್ಲೇ ಮಲ್‌ಸುಕ್‌ಳ ಕಿಂಬಾಪ್ ಅಂಗಡಿ. ಮೀನು ಹಿಡಿಯಲು ಹೋದ ಗಂಡ ಹಿಂತಿರುಗದ ಮೇಲೆ, ಕಡಲಪಾಚಿಯ ಹಾಳೆಯಲ್ಲಿ ಅನ್ನ ಸುತ್ತಿ ಮಾರಿಯೇ ಮಗಳು ನಾರೇಯನ್ನು ಓದಿಸಿದ್ದಳು. ಮಾತಿನಲ್ಲಿ ಜೋರು, ಜಗಳಕ್ಕೆ ಮಾತ್ರ ಹಿಂದೇಟು. ಹರೆಯದಲ್ಲಿ ಬೂಟಿನ ಕಾರ್ಖಾನೆಯಲ್ಲಿ ಹೊಲಿಗೆಗೆ ಕೂತಿದ್ದಾಗ ಮೇಸ್ತ್ರಿ ಹುಡುಗಿಯರ ಬೆನ್ನು ಸವರುತ್ತಾ ಸಾಗುತ್ತಿದ್ದ. ಎಲ್ಲರೂ ಮಿಷನ್ನಿನ ಮೇಲೆ ತಲೆ ಬಗ್ಗಿಸುತ್ತಿದ್ದರು. ಅವಳೂ ಬಗ್ಗಿಸುತ್ತಿದ್ದಳು. ಆ ಅಭ್ಯಾಸ ಮೈಯಲ್ಲಿ ಉಳಿದುಬಿಟ್ಟಿತ್ತು.

ಸಂಗ್‌ಬಿನ್ ಅವಳ ಖಾಯಂ ಗಿರಾಕಿ. ವಿಮಾ ಕಂಪನಿಯ ನೌಕರ. ಎರಡೂ ಕೈ ಚಾಚಿ ಪೊಟ್ಟಣ ತೆಗೆದುಕೊಳ್ಳುವಷ್ಟು ವಿನಯ. "ಅಮ್ಮಾ, ಈ ರುಚಿ ನಮ್ಮಮ್ಮನ ಕೈಗೂ ಬರಲ್ಲ" ಅನ್ನುತ್ತಿದ್ದ. ಬಿಡುವಿದ್ದಾಗ ಅಂಗಡಿಯಲ್ಲಿ ಕೈಜೋಡಿಸುತ್ತಿದ್ದ ನಾರೇಗೆ ಇಂಥವನು ಸಿಕ್ಕಿದರೆ ಎಂದು ಮಲ್‌ಸುಕ್ ಆಸೆಪಟ್ಟಿದ್ದೂ ಉಂಟು.

ಜೂನ್ ತಿಂಗಳ ಒಂದು ಬೆಳಿಗ್ಗೆ ಅವನು ಎಸ್ಕಲೇಟರ್ ಹತ್ತಿ ಹೋದ. ಸ್ವಲ್ಪ ಹೊತ್ತಿಗೆ ಮೆಟ್ಟಿಲಿಳಿದು ಬಂದ. ಏನೋ ಮರೆತಿರಬೇಕು ಎಂದುಕೊಂಡಳು. ಮತ್ತೆ ಹತ್ತಿದ, ಮತ್ತೆ ಇಳಿದ. ಅವಳ ಕೈಯ ಚಾಕು ನಿಂತಿತು. ಅವನ ಕಣ್ಣು ಬರುವ ರೈಲಿನ ಕಡೆಗಿರಲಿಲ್ಲ, ಅದರಿಂದ ಇಳಿಯುವ ಹುಡುಗಿಯರ ಮೇಲಿತ್ತು.

ಗಿಡ್ಡ ಲಂಗದ ಕಾಲೇಜು ಹುಡುಗಿಯೊಬ್ಬಳು ಎಸ್ಕಲೇಟರಿಗೆ ಕಾಲಿಟ್ಟಳು. ಸಂಗ್‌ಬಿನ್ ಅವಳ ಹಿಂದೆಯೇ ನಿಂತು, ಕೈಚೀಲವನ್ನು ಅವಳ ಮೊಣಕಾಲ ಹತ್ತಿರ ಮೆಲ್ಲಗೆ ಚಾಚಿದ. ಚೀಲದ ಬಾಯಲ್ಲಿ ಫೋನಿನ ಕ್ಯಾಮೆರಾ ಮಿಂಚಿತು.

ಮಲ್‌ಸುಕ್ ಚಾಕು ಕೆಳಗಿಟ್ಟಳು. ಕೂಗಿದರೆ? ತಾನು ಕಂಡದ್ದೇ ತಪ್ಪಾಗಿದ್ದರೆ? ಮೇಲೆ ತಲುಪಿದರೆ ಅವನು ಜನರಲ್ಲಿ ಕರಗಿಹೋಗುತ್ತಾನೆ. ಅಂಗಡಿಯನ್ನು ಹಾಗೆಯೇ ಬಿಟ್ಟು, ಎಣ್ಣೆ ಮೆತ್ತಿದ ಕೈಗವಸಿನಲ್ಲೇ, ಪಕ್ಕದ ಮೆಟ್ಟಿಲು ಹತ್ತಿ ಓಡಿದಳು. ಮೇಲೆ ಹೋದವಳೇ ಚೀಲಕ್ಕೆ ಕೈ ಹಾಕಿದಳು.

"ಅಮ್ಮಾ? ಏನಿದು?" ಅವನು ನಕ್ಕ.

"ಫೋನ್ ತೆಗಿ. ಈ ಮಗೂಗೆ ತೋರ್ಸು."

ನಗು ಹಾಗೇ ಇತ್ತು, ದನಿ ಮಾತ್ರ ಇಳಿಯಿತು. "ಸುಮ್ನೆ ನನ್ನ ಮಾನ ಕಳೀಬೇಡಿ. ಕೇಸ್ ಹಾಕಿದ್ರೆ ನಿಮ್ಮ ಅಂಗಡಿ ಉಳಿಯಲ್ಲ."

ಹುಡುಗಿಯ ಮುಖ ಬಿಳಿಚಿತ್ತು. "ನಂಗೇನೂ ಬೇಡ... ಕ್ಲಾಸಿಗೆ ಲೇಟಾಗುತ್ತೆ" ಎಂದು ಹಿಂದೆ ಸರಿದಳು.

ಹೋಗುತ್ತಿದ್ದವನೊಬ್ಬ ನಿಂತು, "ಬಿಡಮ್ಮ, ಮರ್ಯಾದಸ್ಥನ ಥರ ಕಾಣ್ತಾನೆ" ಎಂದ.

ಅಷ್ಟರಲ್ಲಿ ಸಂಗ್‌ಬಿನ್‌ನ ಕೈ ಚೀಲದೊಳಗೆ ಹೋಯಿತು. ಅಳಿಸಿಬಿಡುತ್ತಾನೆ! ಮಲ್‌ಸುಕ್ ಚೀಲವನ್ನು ಕಿತ್ತು ಎದೆಗವಚಿಕೊಂಡು ನೆಲದ ಮೇಲೆ ಕುಸಿದು ಕೂತಳು. ಅವನು ಅವಳ ಮಣಿಕಟ್ಟು ಹಿಡಿದು ತಿರುಚಿದ. ಅವಳು ಕೂಗಿಕೊಂಡಳು, ಆದರೆ ಬಿಡಲಿಲ್ಲ.

ಆ ಕೂಗಿಗೆ ಹುಡುಗಿ ತಿರುಗಿ ಬಂದಳು. ಪೊಲೀಸರಿಗೆ ಫೋನ್ ಮಾಡಿ, "ಅವ್ರು ಬರೋವರ್ಗೂ ಬಿಡಬೇಡಿ ಅಜ್ಜಿ!" ಎಂದಳು.

"ಬಿಡಲ್ಲ ಕಣೇ. ಅಜ್ಜಿ ಅಂದಿದ್ದಕ್ಕೆ ಆಮೇಲೆ ವಿಚಾರಿಸ್ಕೋತೀನಿ!"

ಯಾರೋ ನಕ್ಕರು. ಇಬ್ಬರು ಹೆಂಗಸರು ಬಂದು ಅವನಿಗೆ ಅಡ್ಡ ನಿಂತರು.

ಠಾಣೆಯಲ್ಲಿ ಫೋನ್ ತೆರೆದಾಗ ಎಷ್ಟೋ ಹೆಂಗಸರು ಅದರಲ್ಲಿದ್ದರು. ಮಹಿಳಾ ಅಧಿಕಾರಿ ಮಲ್‌ಸುಕ್‌ಳನ್ನು ಪಕ್ಕಕ್ಕೆ ಕರೆದು, ತಡವರಿಸುತ್ತಾ ಒಂದು ಚಿತ್ರ ತೋರಿಸಿದಳು. ಅವಳದೇ ಅಂಗಡಿ. ಅನ್ನದ ಪಾತ್ರೆ ಎತ್ತಲು ಬಗ್ಗಿದ ನಾರೇ.

ಮಗಳಿಗೆ ಹೇಳುವುದು ಆ ಮೆಟ್ಟಿಲು ಹತ್ತಿದ್ದಕ್ಕಿಂತ ಕಷ್ಟವಾಯಿತು. ನಾರೇ, "ಅವ್ನಿಗೆ ನಾನೇ ಮೂಲಂಗಿ ಉಪ್ಪಿನಕಾಯಿ ಜಾಸ್ತಿ ಹಾಕಿಕೊಡ್ತಿದ್ದೆ ಅಮ್ಮಾ" ಎಂದಳು. ಆಮೇಲೆ ಅತ್ತಳು.

ಕೆಲವು ವಾರಗಳ ನಂತರ ಸಂಗ್‌ಬಿನ್‌ನ ತಾಯಿ ಅಂಗಡಿಯ ಮುಂದೆ ಮಂಡಿಯೂರಿದಳು. "ಕ್ಷಮಿಸಿದೀನಿ ಅಂತ ಬರೆದುಕೊಡಿ, ಕೋರ್ಟಲ್ಲಿ ಶಿಕ್ಷೆ ಕಮ್ಮಿಯಾಗುತ್ತೆ. ಇಲ್ಲಾಂದ್ರೆ ಅವನ ಬಾಳು ಹಾಳಾಗುತ್ತೆ."

ಮಲ್‌ಸುಕ್ ಅವಳನ್ನು ಎಬ್ಬಿಸಿ ಕೂರಿಸಿ ನೀರು ಕೊಟ್ಟಳು. "ನಿಮ್ಮನ್ನ ನೋಡಿದ್ರೆ ಸಂಕಟ ಆಗುತ್ತಮ್ಮಾ. ಆದ್ರೆ ಬರ್ಕೊಡಲ್ಲ. ನನ್ ಮಗಳ ಪರವಾಗಿ ಕ್ಷಮಿಸೋಕೆ ನಾನ್ಯಾರು?"

ನ್ಯಾಯಾಲಯದಲ್ಲಿ ನಾರೇಯೂ ಆ ಹುಡುಗಿಯೂ ಸಾಕ್ಷಿ ಹೇಳಿದರು. ಸಂಗ್‌ಬಿನ್‌ನ ಕೆಲಸ ಹೋಯಿತು. ಜೈಲು ಶಿಕ್ಷೆಯನ್ನು ಮಾತ್ರ ಅಮಾನತಿನಲ್ಲಿಟ್ಟು ಬಿಟ್ಟು ಕಳಿಸಿದರು. ಇಷ್ಟೇನಾ ಎಂದು ಮಲ್‌ಸುಕ್ ವಕೀಲರನ್ನು ಕೇಳಿದಳು.

ನಾರೇ ಈಗ ಎಸ್ಕಲೇಟರಿನಲ್ಲಿ ಗೋಡೆಗೆ ಬೆನ್ನು ಕೊಟ್ಟು, ಅಡ್ಡಡ್ಡ ನಿಂತು ಹತ್ತುತ್ತಾಳೆ. ಹಾಗೆ ನಿಲ್ಲುವ ಹುಡುಗಿಯರು ಎಷ್ಟೊಂದು ಮಂದಿ ಎನ್ನುವುದು ಇಷ್ಟು ವರ್ಷ ಅಲ್ಲೇ ಕೂತಿದ್ದ ಮಲ್‌ಸುಕ್‌ಳ ಕಣ್ಣಿಗೆ ಬಿದ್ದಿರಲಿಲ್ಲ.