ತಗ್ಗಿದ ಕಣ್ಣಿಗೆ ಎಟುಕುವ ಮಾತು

ಸಮುದ್ರದ ಮೇಲೆ ಬೆಳಕು ಇನ್ನೂ ಬೂದಿಬಣ್ಣದಲ್ಲಿರುವಾಗಲೇ ಫೆತುಆವೊ ಅವರು ಲೋನೊತಾಯಿ ಎಂಬ ಊರಿನ ಕಂಬಮನೆಯೊಂದರ ಮುಂದೆ, ಕಪ್ಪು ಉರುಟುಗಲ್ಲುಗಳ ಮೇಲೆ ಚಾಪೆ ಹಾಸಿ ಕೂತಿದ್ದಾರೆ. ಎದುರಿಗೆ, ಮನೆಯ ಎತ್ತರದ ಜಗಲಿಯ ಅಂಚಿನಲ್ಲಿ, ಏಳು ವರ್ಷದ ಲೂಪೆ ಕಾಲು ಮಡಚಿ ಕುಳಿತಿದ್ದಾಳೆ. ಕಿವಿಯ ಹಿಂದೆ ಶ್ರವಣಯಂತ್ರ. ಫೆತುಆವೊ ಚಾಪೆ ಹೆಣೆಯುವ ಮುಂಡಿಗೆ ಗಿಡದ ಓಲೆಯಿಂದ ಸೀಳಿದ ಎಳೆಯೊಂದನ್ನು ತಮ್ಮ ತುಟಿಯೆದುರು ಹಿಡಿಯುತ್ತಾರೆ. ಮೇಲಿನ ಹಲ್ಲು ಕೆಳದುಟಿಯನ್ನು ಮೃದುವಾಗಿ ಮುಟ್ಟುತ್ತದೆ, ಉಸಿರು ಹೊರಡುತ್ತದೆ, ಎಳೆ ನಡುಗುತ್ತದೆ. ಬಳಿಕ ಎಳೆ ಮಗುವಿನ ತುಟಿಯೆದುರಿಗೆ ಬರುತ್ತದೆ. ಅಲುಗುವುದಿಲ್ಲ. ಹದಿನಾಲ್ಕನೆಯ ಸಲ, ಒಳಗಿನಿಂದ ಕೋಕೋ ಕುದಿಯುವ ಘಮ ಬರುತ್ತಿರುವಾಗ, ತುದಿಯಷ್ಟೇ ಅಲುಗುತ್ತದೆ.

"ಬಂತು ನೋಡು. ಎಲೆ ಸುಳ್ಳು ಹೇಳಲ್ಲ," ಎನ್ನುತ್ತಾರೆ ಫೆತುಆವೊ.

ಮಕ್ಕಳ ಭಾನುವಾರಕ್ಕೆ ಇನ್ನು ಒಂಬತ್ತು ದಿನ. ಅಂದು ಸಮೋವಾದ ಪ್ರತಿ ಚರ್ಚಿನಲ್ಲೂ ಮಕ್ಕಳು ಬಿಳಿಯುಟ್ಟು, ಸಭೆಯೆದುರು ನಿಂತು, ಬಾಯಿಪಾಠವಾದ ದೇವವಾಕ್ಯವನ್ನು ಒಪ್ಪಿಸುತ್ತಾರೆ. ಲೂಪೆ ಇದುವರೆಗೆ ಒಮ್ಮೆಯೂ ಒಪ್ಪಿಸಿಲ್ಲ. ಈ ಸಲ ಅವಳಿಗೆ ನಾಲ್ಕೇ ಪದಗಳ ವಾಕ್ಯವೊಂದನ್ನು ಗೊತ್ತುಮಾಡಿದ್ದಾರೆ. ಮೂರನೆಯ ಪದದ ಮೊದಲಲ್ಲೇ ಈ ಹಟಮಾರಿ 'ಫ'ಕಾರ.

ಐವತ್ನಾಲ್ಕರ ಫೆತುಆವೊ ಸವಾಯಿ ದ್ವೀಪದ ಹತ್ತೊಂಬತ್ತು ಊರುಗಳಲ್ಲಿ ವಾಕ್‌ಚಿಕಿತ್ಸೆಯ ಸಹಾಯಕಿ. ಸದ್ಯ ಅವರ ಪಟ್ಟಿಯಲ್ಲಿ ನಲವತ್ತಮೂರು ಜನ: ಸೀಳುತುಟಿಯ ಶಸ್ತ್ರಚಿಕಿತ್ಸೆಯಾದ ಕೂಸುಗಳು, ತೊದಲುವ ಹುಡುಗರು, ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡ ಹಿರಿಯರು. ದಿನಕ್ಕೆ ನಾಲ್ಕು ಬಸ್ಸು, ಬಸ್ಸು ಹೋಗದಲ್ಲಿ ನಡಿಗೆ. ಊರವರು ಅವರನ್ನು 'ಬಾಯಮ್ಮ' ಎಂದು ಛೇಡಿಸುತ್ತಾರೆ; ಅವರು ಹೌದೆಂದು ಬಾಯಿ ತೆರೆದು ತೋರಿಸುತ್ತಾರೆ.

ಈ ಕೆಲಸಕ್ಕೆ ಅವರನ್ನು ತಂದದ್ದು ತಂದೆಯ ಮೌನ. ಊರಸಭೆಯಲ್ಲಿ ನಿರರ್ಗಳವಾಗಿ ಮಾತನಾಡುತ್ತಿದ್ದ ಆ ಹಿರಿಯರು ಪಾರ್ಶ್ವವಾಯುವಿನ ಬಳಿಕ ಹನ್ನೊಂದು ತಿಂಗಳು ಒಂದು ಪದವನ್ನೂ ಕೂಡಿಸಲಾರದೆ ತೀರಿಕೊಂಡರು. ಬುದ್ಧಿಯೇ ಹೋಗಿದೆಯೆಂದು ಮನೆಯವರು ನಂಬಿದ್ದರು. ಬುದ್ಧಿ ನೆಟ್ಟಗಿತ್ತು, ದಾರಿ ಮಾತ್ರ ಮುಚ್ಚಿತ್ತು ಎಂಬುದು ಫೆತುಆವೊಗೆ ತಿಳಿದದ್ದು ಮೂರು ವರ್ಷದ ಮೇಲೆ, ರಾಜಧಾನಿಯ ಆಸ್ಪತ್ರೆಯಲ್ಲಿ ತರಬೇತಿಗೆ ಸೇರಿದಾಗ. "ಅಪ್ಪ ಕಣ್ಣಲ್ಲೇ ಏನೋ ಕೇಳ್ತಿದ್ರು. ನಾನು ದಿಂಬು ಸರಿ ಮಾಡ್ತಿದ್ದೆ," ಎಂದಷ್ಟೇ ಹೇಳಿ ಅವರು ಚೀಲ ಹೆಗಲಿಗೇರಿಸುತ್ತಾರೆ.

ಅಂಥದೇ ದಾರಿ ಮುಚ್ಚಿದ ಮೀನುಗಾರ ಇಯೋನಾ ಮುಂದಿನ ಊರಿನಲ್ಲಿದ್ದಾರೆ. ನೀರು ಬೇಕೆನ್ನಲು ಅವರಿಗೆ ಆಗುತ್ತಿರಲಿಲ್ಲ. ಆದರೆ ಸಂಜೆಪ್ರಾರ್ಥನೆಯ ಕೀರ್ತನೆಯನ್ನು ಅಕ್ಷರ ತಪ್ಪದೆ ಹಾಡುತ್ತಿದ್ದರು. ಫೆತುಆವೊ ಆ ರಾಗದೊಳಕ್ಕೇ ನೀರನ್ನೂ ಮೀನನ್ನೂ ಹೆಂಡತಿಯ ಹೆಸರನ್ನೂ ಕೂರಿಸಿ, ಅವರ ಎಡಗೈಯಿಂದ ತಾಳ ಹಾಕಿಸಿದರು. ಹೆಂಡತಿಯದು ಒಂದೇ ಬಿನ್ನಹ: "ಮೂವತ್ತು ವರ್ಷ ಬೈಕೊಂಡು ಕೇಳ್ತಿದ್ದ, ಈಗ ಹಾಡ್ಕೊಂಡು ಕೇಳ್ತಾನೆ. ಪೂರ್ತಿ ವಾಸಿ ಮಾಡ್ಬೇಡಿ ಅಕ್ಕ."

ಲೂಪೆಯ ಮೌನ ಬೇರೆ ಬಗೆಯದು. ಆರು ವರ್ಷ ಮನೆಯವರು ಅದನ್ನು ವಿನಯವೆಂದೇ ಹೊಗಳಿದ್ದರು. ಹಿರಿಯರೆದುರು ಕಣ್ಣು ತಗ್ಗಿಸಿ, ಬಾಯಿ ಮುಚ್ಚಿ ಕೂರುವ ಮಗುವಿಗಿಂತ ಸುಸಂಸ್ಕೃತ ಮಗು ಈ ಸೀಮೆಯಲ್ಲಿ ಯಾವುದಿದೆ? ಅವಳನ್ನು ನೋಡಿ ಕಲಿಯಿರೆಂದು ಇತರ ಮಕ್ಕಳಿಗೆ ಗದರುತ್ತಿದ್ದರು. ಒಂದು ಸಂಜೆ ಪ್ರಾರ್ಥನೆಯ ಶಂಖ ಮೊಳಗಿ ಮಕ್ಕಳೆಲ್ಲ ಮನೆಗೆ ಓಡಿದಾಗ, ಬಸ್ಸಿಗೆ ಕಾಯುತ್ತಿದ್ದ ಫೆತುಆವೊ ಕಂಡರು: ಚಿಪ್ಪು ಆರಿಸುತ್ತಿದ್ದ ಈ ಮಗು ಶಂಖಕ್ಕೆ ಓಡಲಿಲ್ಲ, ಓಡುವ ಕಾಲುಗಳನ್ನು ಕಂಡು ಓಡಿತು. ಮತ್ತೆ ಮತ್ತೆ ಸೋರಿದ ಕಿವಿಗಳು ಅರ್ಧಕ್ಕಿಂತ ಹೆಚ್ಚು ಮುಚ್ಚಿಹೋಗಿವೆಯೆಂದು ಆಸ್ಪತ್ರೆ ಹೇಳಿತು. ಯಂತ್ರ ಬಂತು. ಆದರೆ ಕೇಳಿಸಿದ್ದೆಲ್ಲ ತಾನಾಗಿ ಮಾತಾಗುವುದಿಲ್ಲ. ತುಟಿ, ನಾಲಿಗೆ, ಉಸಿರು ಒಂದೊಂದಾಗಿ ಕಲಿಯಬೇಕು, ಕಲಿಯಲು ಕಲಿಸುವವರ ಬಾಯಿಯನ್ನು ನೋಡಬೇಕು.

ಅಲ್ಲಿಯೇ ತೊಡಕು. ಎಷ್ಟು ರಮಿಸಿದರೂ ಲೂಪೆ ಕಣ್ಣೆತ್ತಲಿಲ್ಲ. ಮೂರನೆಯ ದಿನ ಫೆತುಆವೊ ಜಗಲಿಯಿಂದಿಳಿದು ಕಲ್ಲಿನ ಮೇಲೆ ಕೂತರು. ಮನೆತನದ ಯಜಮಾನರೂ ಲೂಪೆಯ ಅಜ್ಜನೂ ಆದ ಲೆಮಾನಾ ಕೆರಳಿದರು.

"ನೀನು ದೊಡ್ಡೋಳು ಕೆಳಗೆ, ಮಗು ಮೇಲೆ. ಕಂಡೋರು ನಮ್ಮ ಮನೇನ ಏನಂತಾರೆ?"

"ನಿಮ್ಮ ಮೊಮ್ಮಗಳ ಕಣ್ಣು ಕೆಳಗೇ ಇರುತ್ತೆ ಯಜಮಾನ್ರೇ. ಅದನ್ನ ಕಲಿಸಿದೋರು ನೀವು, ನಾನು ಕೆಡಿಸಲ್ಲ. ನನ್ನ ಬಾಯಿನ ಅದು ಬೀಳೋ ಜಾಗಕ್ಕೆ ತಂದಿದೀನಿ, ಅಷ್ಟೇ."

ಲೆಮಾನಾ ಎದ್ದು ಒಳಕ್ಕೆ ನಡೆದರು. ಮರುಬೆಳಗ್ಗೆ ಆ ಕಲ್ಲುಗಳ ಮೇಲೆ ಮಡಿಸಿದ ಚಾಪೆಯೊಂದು ಇತ್ತು.

ಮಕ್ಕಳ ಭಾನುವಾರ. ಚರ್ಚಿನ ವೇದಿಕೆಯ ಮೇಲೆ ಬಿಳಿಯುಡುಪಿನ ಲೂಪೆ; ಎದುರಿಗೆ ಮುನ್ನೂರು ಜನ. ಪರವೂರಿನವರಾದ ಫೆತುಆವೊ ಕೊನೆಯ ಸಾಲಿನಲ್ಲಿದ್ದಾರೆ. ಮೊದಲ ಪದ ಬರುತ್ತದೆ. ಎರಡನೆಯದೂ. ಆಮೇಲೆ ಏನೂ ಇಲ್ಲ. ಬೀಸಣಿಗೆಗಳು ನಿಲ್ಲುತ್ತವೆ. ಮಗುವಿನ ಕಣ್ಣು ವೇದಿಕೆಯ ಮೆಟ್ಟಿಲಿಗಿಳಿದು ಅಲ್ಲಿ ಯಾರನ್ನೋ ಹುಡುಕುತ್ತದೆ. ಫೆತುಆವೊ ಅರ್ಧ ಎದ್ದಿದ್ದಾರೆ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಲೆಮಾನಾ ಏಳುತ್ತಾರೆ. ಸಭೆಗೆ ಬಾಗಿ, ನಡೆದು ಹೋಗಿ, ಮೆಟ್ಟಿಲ ಬುಡದ ನೆಲದಲ್ಲಿ ಚಕ್ಕಳಮಕ್ಕಳ ಕೂತು, ನರೆತ ತಲೆಯನ್ನು ಮೇಲಕ್ಕೆತ್ತುತ್ತಾರೆ. ಸದ್ದಿಲ್ಲದೆ ಅವರ ಹಲ್ಲು ಕೆಳದುಟಿಯನ್ನು ಮುಟ್ಟುತ್ತದೆ.

ಮೂರನೆಯ ಪದ ಬರುತ್ತದೆ, ಕೊನೆಯ ಸಾಲಿಗೂ ಕೇಳುವಂತೆ. ಬೆನ್ನಿಗೇ ನಾಲ್ಕನೆಯದು.

ಅಂದು ಮಕ್ಕಳು ಮೊದಲು ಉಣ್ಣುತ್ತಾರೆ, ಹಿರಿಯರು ಬಡಿಸುತ್ತಾರೆ. ತಟ್ಟೆ ಹಿಡಿದು ಬಂದ ಅಜ್ಜನಿಗೆ ಲೂಪೆ, ಕಣ್ಣು ತಗ್ಗಿಸಿಯೇ, ಇನ್ನೊಂದು ಜೀಗುಜ್ಜೆ ಹೋಳು ಬೇಕೆನ್ನುತ್ತಾಳೆ. ಮತ್ತೊಂದು ಕೇಳುತ್ತಾಳೆ. ಹಂದಿಮಾಂಸ ಸಣ್ಣದಾಯಿತೆಂದೂ ತಿಳಿಸುತ್ತಾಳೆ.

ವಾರ ಕಳೆದ ಮೇಲೆ, ಬಸ್ಸಿಗೆ ಕಾಯುತ್ತ, ಮುಂದೇನು ಆಸೆಯೆಂಬ ಪ್ರಶ್ನೆಗೆ ಫೆತುಆವೊ ನಗುತ್ತಾರೆ. "ಆ ಅಜ್ಜ ಮೊನ್ನೆ ದೂರು ಹೇಳಿದ್ರು, ಮನೇಲಿ ಒಂದು ಗಳಿಗೆ ನೆಮ್ಮದಿ ಇಲ್ಲ, ಇವಳ ಬಾಯಿ ಮುಚ್ಚಲ್ಲ ಅಂತ. ಅಂಥ ದೂರು ಉಳಿದ ನಲವತ್ತೆರಡು ಮನೆಯಿಂದ್ಲೂ ಬರ್ಲಿ."