ತಿಮೋನನ ಬುಟ್ಟಿ

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಬೋಗ್ನಾಳ ವಿಷಯದಲ್ಲಿ ಕೆಸರು ಅವಳಿಗೆ, ಮೊಸರು ಮಿಕ್ಕವರಿಗೆ. ಪೂರ್ವ ಪೋಲೆಂಡಿನ ಕಾಡಂಚಿನ ಆ ಅಡುಗೆ ಶಾಲೆಯಲ್ಲಿ ಗುಂಪಿನ ಕೆಲಸ ಬಂತೆಂದರೆ ಅವಳ ಗುಂಪಿಗೆ ಸೇರಲು ನೂಕುನುಗ್ಗಲು. ಮನೆಯಲ್ಲಿ ತಮ್ಮಂದಿರ ಎಂಜಲು ತಟ್ಟೆ ತೊಳೆದೇ ಬೆಳೆದವಳು. ಬೇಡ ಎನ್ನುವುದನ್ನು ಯಾರೂ ಕಲಿಸಿರಲಿಲ್ಲ. ಅಂಕ ಮಾತ್ರ ಎಲ್ಲರಿಗೂ ಸಮ. ಇಂಥ ನ್ಯಾಯಕ್ಕೆ ಬೆಂಕಿ ಹಾಕಬೇಕು.

ಶರತ್ಕಾಲದ ಪರೀಕ್ಷೆಗೆ ಅಣಬೆ ಸಾರು. ಯಾರು ಕಾಡಿನಿಂದ ತಂದರೋ ಅವರೇ ತಮ್ಮ ಬುಟ್ಟಿಯನ್ನು ಒಂದೊಂದಾಗಿ ನೋಡಿ ಆರಿಸಬೇಕು. ಕಾಡಿನ ಕಟ್ಟಳೆಯೂ ಅದೇ, ಶಾಲೆಯದೂ ಅದೇ. ಮೈಗಳ್ಳ ತಿಮೋನ್ ಎಂದಿನಂತೆ ಬುಟ್ಟಿಯನ್ನು ಅವಳ ಮುಂದೆ ಕುಕ್ಕಿದ.

"ನೋಡ್ಬಿಡೇ ತಾಯಿ, ನಂಗೆ ಅಣಬೆ ಅಂದ್ರೆ ಎಲ್ಲಾ ಒಂದೇ."

"ನಿನ್ನ ಬುಟ್ಟಿ ನೀನೇ ನೋಡ್ಕೋ."

"ಓಹೋ, ಮಹಾರಾಣಿಯವರಿಗೆ ಇವತ್ತು ಕೋಪ."

ಬೋಗ್ನಾ ತಿರುಗಿಯೂ ನೋಡದೆ ಆಲೂಗಡ್ಡೆ ತೊಳೆಯಲು ಹಿತ್ತಲಿಗೆ ಹೋದಳು. ಮೊದಲ ಸಲ ಬೇಡ ಎಂದದ್ದಕ್ಕೆ ಒಳಗೊಳಗೇ ಖುಷಿಯಾಗಿತ್ತು.

ಮರಳಿ ಬಂದಾಗ ಬುಟ್ಟಿ ಬರಿದಾಗಿತ್ತು. ಗುಂಪಿನ ಮೂರನೆಯವಳು ಕೊರ್ನೆಲ್ಯಾ ಎಲ್ಲವನ್ನೂ ಹೆಚ್ಚಿ ಹಾಕಿದ್ದಳು, ಸಾರು ಕುದಿಯುತ್ತಿತ್ತು. ಕಸದ ಬೋಗುಣಿಯಲ್ಲಿ ಒಂದು ಬಿಳಿ ದಂಟು ಬಿದ್ದಿತ್ತು. ಅದರ ಕುತ್ತಿಗೆಗೆ ಲಂಗದಂತೆ ಜೋತುಬಿದ್ದ ಪೊರೆಯ ಬಳೆ, ಪಕ್ಕದಲ್ಲಿ ಹಸಿರು ಟೋಪಿಯ ಚೂರು. ಹಸಿರು ಟೋಪಿಯ ಅಣಬೆಯನ್ನು ಬುಡಸಮೇತ ಕಿತ್ತು, ಬುಡದಲ್ಲಿ ಚೀಲ ಇದೆಯೇ ಎಂದು ನೋಡಬೇಕು. ಚೀಲ ಇದ್ದರೆ ಅದು ಜೀವ ತೆಗೆಯುವ ವಿಷದ ಅಣಬೆ. ತಿಮೋನ್ ಮೇಲಿಂದಲೇ ಚಾಕುವಿನಿಂದ ಕೊಯ್ದು, ಗುರುತನ್ನು ಮಣ್ಣಿನಲ್ಲೇ ಬಿಟ್ಟು ಬಂದಿದ್ದ.

ಬೋಗ್ನಾ ಪಾತ್ರೆ ಎತ್ತಿ ಬಚ್ಚಲಿಗೆ ಸುರಿದಳು. ಕೈ ಸುಟ್ಟದ್ದು ಗೊತ್ತಾಗಲಿಲ್ಲ.

ಹಾಲ್ಶ್ಕಾ ಟೀಚರ್ ದಂಟನ್ನು ನೋಡಿ ಬಿಳಿಚಿಕೊಂಡರು. "ಈ ಬುಟ್ಟಿ ಆರಿಸಿದ್ದು ಯಾರು?"

"ಯಾವಾಗ್ಲೂ ಬೋಗ್ನಾನೇ ಆರ್ಸೋದು, ಮೇಡಂ," ಎಂದ ತಿಮೋನ್. ಅದು ಸುಳ್ಳೂ ಆಗಿರಲಿಲ್ಲ.

"ನಾನೂ ಹಂಗೇ ಅನ್ಕೊಂಡೆ," ಎಂದಳು ಕೊರ್ನೆಲ್ಯಾ. "ಉಪ್ಪು ನೋಡೋಕೆ ಅಂತ ಹೋಗಿ ಒಂದು ಬಟ್ಟಲೇ ಕುಡಿದ್ಬಿಟ್ಟೆ. ಎಷ್ಟು ರುಚಿಯಾಗಿತ್ತು ಗೊತ್ತಾ."

ಟೀಚರ್ ಫೋನಿನತ್ತ ಓಡಿದರು.

ಆಂಬುಲೆನ್ಸಿನಲ್ಲಿ ಬೋಗ್ನಾ ಗೆಳತಿಯ ಕೈ ಬಿಡಲಿಲ್ಲ. ಆ ಬುಟ್ಟಿ ಆರಿಸಲು ಎಷ್ಟು ಹೊತ್ತು ಬೇಕಿತ್ತು ಎಂದು ಮನಸ್ಸು ಮತ್ತೆ ಮತ್ತೆ ಕೇಳುತ್ತಿತ್ತು.

"ಯಾಕೇ ಹಿಂಗೆ ಅಳ್ತೀಯ? ನಂಗೇನೂ ಆಗಿಲ್ಲ, ನೋಡು," ಎಂದು ಕೊರ್ನೆಲ್ಯಾ ನಕ್ಕಳು.

ಬೋಗ್ನಾ ಆ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಆ ಅಣಬೆ ತಿಂದವರು ಮೊದಲ ದಿನ ಹೀಗೆ ನಗುತ್ತಲೇ ಇರುತ್ತಾರೆಂದು ಅವಳಿಗೆ ಗೊತ್ತಿತ್ತು.