ಗಂಗತ್ತಿಯ ಹಕ್ಕಿ

ಒಣಗಿದ ಕಬ್ಬಿನ ಹೊಲಕ್ಕೆ ನೀರು ಬಿಟ್ಟಾಗ ಮಣ್ಣಿನಿಂದ ಒಂದು ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿದರೆ ಸಾಕು, ನಾನು ರಾಯಬಾಗದ ಈ ಅಡುಗೆಮನೆಯಲ್ಲಿ ಇರುವುದಿಲ್ಲ, ಬೇಡಕಿಹಾಳದ ತವರಿನಲ್ಲಿರುತ್ತೇನೆ. ಆ ಮನೆ ಈಗಿಲ್ಲ. ಪಾಲಾಗಿ, ಬಿದ್ದು, ಅಲ್ಲಿ ಸಿಮೆಂಟಿನ ಮನೆಗಳೆದ್ದಿವೆ. ಅಪ್ಪನ ಅಕ್ಕ ಗಂಗತ್ತಿ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಆ ಮನೆಗೆ ಮರಳಿದವಳು. ಮಧ್ಯಾಹ್ನ ಬುತ್ತಿ ಹೊತ್ತು ಹೊಲಕ್ಕೆ ಹೊರಟರೆ ಮಜ್ಜಿಗೆಯ ತಂಬಿಗೆ ಹಿಡಿದು ಹಿಂದೆ ನಾನು. ದಾರಿಯುದ್ದಕ್ಕೂ ಅವಳದೊಂದು ಆಟ. "ತಲೀ ಮ್ಯಾಲ ತುರಾಯಿ, ರೆಕ್ಕಿ ಮ್ಯಾಲ ಪಟ್ಟಾಪಟ್ಟಿ, ನೆಲಾ ಕುಕ್ಕತೈತಿ. ಯಾವ ಹಕ್ಕಿ ಹೇಳ?" ಸರಿಯಾಗಿ ಹೇಳಿದರೆ ಒಂದು ತುಂಡು ಬೆಲ್ಲ. ತಪ್ಪಿದರೂ ಬೆಲ್ಲವೇ, ಸ್ವಲ್ಪ ಚಿಕ್ಕದು.

ಹೊಲದ ತಗ್ಗಿನಲ್ಲಿ ಸದಾ ನೀರು ನಿಂತು ಜೇಕಿನ ಹುಲ್ಲು ಬೆಳೆದಿರುತ್ತಿತ್ತು. ಅತ್ತಿ ಎಮ್ಮೆಗೆ ಹುಲ್ಲು ಕೊಯ್ಯಲು ಹೋದಾಗಲೆಲ್ಲ ಅಲ್ಲಿ ಒಂದು ಜೋಡಿ ಹಕ್ಕಿಯನ್ನು ಸದ್ದು ಮಾಡದೆ ನೋಡುತ್ತಿದ್ದಳಂತೆ. ಒಂದು ಸಂಜೆ ಗಂಡಸರಿಗೆ ರೊಟ್ಟಿ ಬಡಿಸುತ್ತ ಹೇಳಿದಳು: "ಆ ಹಕ್ಯಾಗ ಹೆಣ್ಣಿಗೇ ಬಣ್ಣ. ತತ್ತಿ ಇಟ್ಟು ಹೊಂಟಹೋಗತೈತಿ. ಕಾವು ಕುಂದ್ರೂದೂ ಗಂಡ, ಮರಿ ಕರಕೊಂಡು ಅಡ್ಡ್ಯಾಡೂದೂ ಗಂಡ." ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳ ತಮ್ಮ, ನಮ್ಮ ಕಾಕಾ, ಆಗಷ್ಟೇ ಕೂಸಿನ ತಂದೆಯಾಗಿದ್ದ. "ಹಂಗಾರ ನಾಳಿಂದ ನಾನೂ ತೊಟ್ಟಲಾ ತೂಗಲೇನಬೇ ಅಕ್ಕಾ?" ಎಂದ. "ತೂಗು. ಹಕ್ಕಿಗಿದ್ದಷ್ಟರ ಬುದ್ಧಿ ಬರ್ಲಿ ನಿನಗ," ಎಂದಳು ಅತ್ತಿ.

ಅಂದಿನಿಂದ ಮನೆಯಲ್ಲಿ ಯಾರೇ ನಂಬಲಾಗದ ಮಾತಾಡಲಿ, "ಅದು ಅಕ್ಕನ ಹಕ್ಕಿ ಬಿಡು" ಎನ್ನುವುದು ಕಾಕಾನ ರೂಢಿಯಾಯಿತು. ಬೀಗರ ಎದುರಿಗೂ ಹೇಳುತ್ತಿದ್ದ. ಅತ್ತಿಯೂ ಎಲ್ಲರ ಜೊತೆ ನಗುತ್ತಿದ್ದಳು. ಒಮ್ಮೆ ಮಾತ್ರ ಹೊಲದ ದಾರಿಯಲ್ಲಿ ನಿಂತು, "ನೀನರ ನಂಬತೀಯಿಲ್ಲೋ, ಶಾಂತಾ?" ಎಂದು ಕೇಳಿದಳು. ನಂಬುತ್ತೇನೆ ಎಂದೆ. ಸಾಯುವ ತನಕ ಮನೆಯವರ ಆ ನಗೆಯನ್ನು ಹೊತ್ತುಕೊಂಡೇ ಇದ್ದಳು. ಹೋಗುವಾಗಲೂ ಅದು ಅವಳ ಮೇಲೆಯೇ ಇತ್ತು.

ಈಗ ನನ್ನ ತಮ್ಮನ ಮಗಳು ಸುಮಾ ಕ್ಯಾಮೆರಾ ಹಿಡಿದು ಹೊಳೆದಂಡೆ ತಿರುಗುತ್ತಾಳೆ. ಮನೆಯವರ ವಾಟ್ಸಾಪಿನಲ್ಲಿ ಹಕ್ಕಿಯ ಫೋಟೋ ಹಾಕಿ ಹೆಸರು ಕೇಳುತ್ತಾಳೆ. ನಾವೆಲ್ಲ ಊಹಿಸುವುದು, ಒಬ್ಬರ ಕಾಲನ್ನೊಬ್ಬರು ಎಳೆಯುವುದು. ಕಣ್ಣಿನ ಪೊರೆ ತೆಗೆಸಿದ ಮೇಲೆ ನನಗೂ ಒಂದೊಂದು ಗರಿಯೂ ಕಾಣುತ್ತದೆ, ಅದೊಂದು ಪುಣ್ಯ. ಹೋದ ಏಕಾದಶಿಯ ದಿನ ಉಪವಾಸಕ್ಕೆಂದು ಸಾಬೂದಾಣಿ ನೆನೆಹಾಕಿ ಕೂತಿದ್ದೆ, ಫೋಟೋ ಬಂತು. ಕೆಸರಿನಲ್ಲಿ ಎರಡು ಹಕ್ಕಿ. ಒಂದಕ್ಕೆ ಕೆಂಗಂದು ಕೊರಳು, ಕಣ್ಣಿನ ಸುತ್ತ ಬೆಳ್ಳನೆಯ ಕಾಡಿಗೆ ಎಳೆದಂತೆ. ಇನ್ನೊಂದು ಮಾಸಲು, ಅದರ ಕಾಲಡಿ ಮರಿಗಳು. "ಇದರಾಗ ಅವ್ವ ಯಾರು, ಅಪ್ಪ ಯಾರು?" ಎಂದು ಕೇಳಿದ್ದಳು ಸುಮಾ.

ಕಾಕಾ ಮೊದಲೇ ಬರೆದ: "ಇದರಾಗ ಕೇಳೂದೇನೈತಿ? ಬಣ್ಣದ್ದು ಅಪ್ಪ, ಮರಿ ಕಾಯೂದು ಅವ್ವ." ಎಲ್ಲರೂ ಹೌದೆಂದರು. ನಾನು ಸೋತರೆ ನನಗೇನೂ ಇಲ್ಲ, ಅತ್ತಿ ಮತ್ತೊಮ್ಮೆ ಸುಳ್ಳಿಯಾಗುತ್ತಾಳೆ. ವಿಠ್ಠಲನಿಗೆ ಕೈಮುಗಿದು ಒತ್ತಿದೆ: "ಬಣ್ಣದ್ದು ಅವ್ವ. ಮರಿ ಕಾಯಾಂವ ಅಪ್ಪ."

"ಅಕ್ಕನ ಹಕ್ಕಿ ತಂದೀಯೇನ?" ಎಂದ ಕಾಕಾ.

"ಹೌದ್ರಿ ಕಾಕಾ, ಅದನ್ನ ತಂದೀನಿ."

ಸುಮಾ ಬರೆದಳು: "ಶಾಂತತ್ತಿ ಹೇಳಿದ್ದ ಖರೇ! ಈ ಜಾತ್ಯಾಗ ತತ್ತಿ ಇಟ್ಟು ಅವ್ವ ಹೋಗತೈತಿ. ಕಾವು, ಮರಿ ಎಲ್ಲಾ ಅಪ್ಪಂದ."

ನಾನು ಕೂಗಿದ ಕೂಗಿಗೆ ನಮ್ಮ ಯಜಮಾನರು ಓಡಿ ಬಂದರು. "ಏನಾತ? ಹಾಲು ಉಕ್ಕೇತೇನ?"

"ಇಲ್ರಿ, ನಮ್ಮತ್ತಿ ಗೆದ್ದಳು!"

ಬಹಳ ಹೊತ್ತಿನ ಮೇಲೆ ಕಾಕಾನ ದನಿ ಬಂತು. ಬರೆದಿರಲಿಲ್ಲ, ಮಾತಾಡಿ ಕಳಿಸಿದ್ದ. ಮೊದಲು ನಕ್ಕ, ಆಮೇಲೆ ಕೆಮ್ಮಿದ. "ಅಕ್ಕಾ ಇದ್ದಿದ್ರ ಇವತ್ತ ನನಗ ಊಟಾ ಮಾಡಾಕ ಬಿಡ್ತಿದ್ದಿಲ್ಲ ನೋಡು, ಶಾಂತಾ. ಆಕೀ ಖರೇನ ಹೇಳಿದ್ದಳು. ನಾನ ತಪ್ಪಿದ್ದೆ."

ಆ ಮಾತು ಕೇಳಬೇಕಾದವಳು ಇಲ್ಲ. ಹೇಳಬೇಕಾದವನನ್ನಾದರೂ ದೇವರು ಇಷ್ಟು ದಿನ ಉಳಿಸಿದ್ದಾನೆ. ಅದನ್ನು ಅವಳ ಪರವಾಗಿ ನಾನೇ ಮತ್ತೆ ಮತ್ತೆ ಕೇಳುತ್ತ ಕೂತೆ.